ಕಬ್ಬಿನ ವರ್ಣತಂತುಗಳಲ್ಲಿ ಯಾವುದು ಯಾರ ಕಡೆಯದು: ಗಿಶ್ ಮಾಡುವ ನನ್ನ ಕ್ರಮ

ಇವತ್ತು ಗದ್ದೆಯಲ್ಲಿರುವ ಕಬ್ಬಿನ ತಳಿಗಳು ಮುಖ್ಯವಾಗಿ ಎರಡು ಜಾತಿಗಳ ಬೆರಕೆ. ದಪ್ಪ ಜಲ್ಲೆ, ಸಿಹಿ ರಸ ಬಂದದ್ದು ಸ್ಯಾಕರಮ್ ಅಫಿಸಿನೇರಮ್‌ನಿಂದ. ಗಟ್ಟಿತನ, ಕೂಳೆ ಚಿಗುರುವ ಶಕ್ತಿ ಬಂದದ್ದು ಕಾಡುಕಬ್ಬು ಸ್ಪಾಂಟೇನಿಯಮ್‌ನಿಂದ. ಕೊಯಮತ್ತೂರಿನ ಮೊದಲ ಹೆಸರಾಂತ ಸಂಕರ ತಳಿ ಸಿಒ 205ರ ಲೆಕ್ಕವನ್ನೇ ನೋಡಿ. ತಾಯಿ ವೆಲ್ಲೈಗೆ 80 ವರ್ಣತಂತು, ತಂದೆ ಸ್ಥಳೀಯ ಕಾಡುಕಬ್ಬಿಗೆ 64. ಎರಡರಲ್ಲೂ ಅರ್ಧರ್ಧ ಬಂದಿದ್ದರೆ 72 ಇರಬೇಕಿತ್ತು, ಆದರೆ ಸಿಗುವುದು 112. ತಾಯಿ ತನ್ನ 80ನ್ನೂ ಇಡಿಯಾಗಿ ಕೊಟ್ಟಿದ್ದಾಳೆ, ತಂದೆ 32 ಮಾತ್ರ. ಮೊದಲ ತಲೆಮಾರಿನಲ್ಲಿ ಹೀಗೆ ಬರೀ ಎಣಿಕೆಯೇ ಕಥೆ ಹೇಳುತ್ತದೆ. ಮತ್ತೆ ಮತ್ತೆ ಹಿಂಸಂಕರಣ ಮಾಡಿ (ಸಂಕರವನ್ನು ಪುನಃ ಅಫಿಸಿನೇರಮ್ ಜೊತೆ ಕೂಡಿಸಿ) ಬಂದ ಈಗಿನ ತಳಿಗಳಲ್ಲಿ 100ರಿಂದ 130 ವರ್ಣತಂತುಗಳಿರುತ್ತವೆ. ಅಲ್ಲಿ ಎಣಿಕೆಯೊಂದೇ ಸಾಲದು, ಬಣ್ಣ ಹಚ್ಚಿಯೇ ನೋಡಬೇಕು.

ಗಿಶ್ (ಜೀನೋಮಿಕ್ ಇನ್ ಸಿಟು ಹೈಬ್ರಿಡೈಸೇಷನ್) ಎಂದರೆ ಅದೇ. ಎರಡೂ ಪೋಷಕರ ಒಟ್ಟು ಡಿಎನ್‌ಎಗೆ ಬೇರೆ ಬೇರೆ ಬಣ್ಣ ಕಟ್ಟಿ, ಸಂಕರದ ವರ್ಣತಂತುಗಳ ಮೇಲೆ ಒಟ್ಟಿಗೆ ಬಿಡುವುದು. ವರ್ಣತಂತು ಯಾವ ಪೋಷಕರ ಡಿಎನ್‌ಎಯನ್ನು ಹೆಚ್ಚು ಹೋಲುತ್ತದೋ ಅಲ್ಲಿ ಆ ಬಣ್ಣ ಗೆಲ್ಲುತ್ತದೆ.

ಎಲ್ಲವೂ ನಿಂತಿರುವುದು ಬೇರಿನ ತುದಿಯ ಮೇಲೆ. ಒಂಟಿ ಕಣ್ಣಿನ ತುಂಡುಗಳನ್ನು ತೊಳೆದು, ಒದ್ದೆ ತೆಂಗಿನ ನಾರಿನ ಪುಡಿಯಲ್ಲಿ 28–30 ಡಿಗ್ರಿಯಲ್ಲಿ ಇಡುತ್ತೇನೆ. ನಾಲ್ಕರಿಂದ ಆರು ದಿನದಲ್ಲಿ ಗಿಣ್ಣಿನ ಸುತ್ತ ಬಿಳಿ ಬೇರು ಒಡೆಯುತ್ತವೆ. 1–2 ಸೆಂ.ಮೀ. ಉದ್ದದ, ತುದಿ ಹಾಲುಬಿಳಿ ಇರುವ ಬೇರುಗಳನ್ನಷ್ಟೇ ಬೆಳಿಗ್ಗೆ ಕತ್ತರಿಸುತ್ತೇನೆ. ತುದಿ ಕಂದಿದ್ದರೆ ಅದರಲ್ಲಿ ವಿಭಜನೆ ನಿಂತಿದೆ ಎಂದೇ ಅರ್ಥ.

ಆಮೇಲೆ ಕೋಶ ವಿಭಜನೆಯನ್ನು ನಡುವೆಯೇ ನಿಲ್ಲಿಸುವ 0.04% 8-ಹೈಡ್ರಾಕ್ಸಿಕ್ವಿನೋಲಿನ್‌ನಲ್ಲಿ 4 ಗಂಟೆ, ಕೋಣೆಯ ಉಷ್ಣತೆಯಲ್ಲಿ. 100 ಮಿ.ಲೀ. ನೀರಿಗೆ 40 ಮಿ.ಗ್ರಾಂ., ಬೇಗ ಕರಗುವುದಿಲ್ಲ. 60 ಡಿಗ್ರಿಯಲ್ಲಿ ಕಲಕುತ್ತಾ ಬಿಟ್ಟು, ಕಂದು ಬಾಟಲಿಯಲ್ಲಿ ಇಡಬೇಕು. ಸಮಯ ಕಡಿಮೆಯಾದರೆ ವರ್ಣತಂತುಗಳು ಉದ್ದವಾಗಿಯೇ ಉಳಿದು ಒಂದರ ಮೇಲೊಂದು ಬೀಳುತ್ತವೆ. ಹೆಚ್ಚಾದರೆ ಕುಗ್ಗಿ ಚುಕ್ಕಿಯಂತಾಗುತ್ತವೆ, ಬಣ್ಣ ಬದಲಾಗುವ ಗಡಿ ಕಾಣುವುದೇ ಇಲ್ಲ. ಸ್ಥಿರೀಕರಣಕ್ಕೆ ಮೂರು ಪಾಲು ಎಥನಾಲ್, ಒಂದು ಪಾಲು ಗ್ಲೇಸಿಯಲ್ ಅಸಿಟಿಕ್ ಆಮ್ಲ, ಅದನ್ನು ಆ ಕ್ಷಣದಲ್ಲೇ ಬೆರೆಸಬೇಕು. ಹಳೆಯ ಮಿಶ್ರಣದಲ್ಲಿ ಆಮ್ಲವೂ ಎಥನಾಲೂ ಸೇರಿ ಎಸ್ಟರ್ ಆಗಿಬಿಟ್ಟಿರುತ್ತದೆ. 24 ಗಂಟೆ ಬಿಟ್ಟು 70% ಎಥನಾಲ್‌ಗೆ ಹಾಕಿ ಮೈನಸ್ 20ರಲ್ಲಿ ಇಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ.

ಸ್ಲೈಡ್ ಮಾಡುವ ದಿನ 0.25 ನಾರ್ಮಲ್ ಎಚ್‌ಸಿಎಲ್‌ನಲ್ಲಿ 10 ನಿಮಿಷ, ನೀರಿನಲ್ಲಿ 10, ಪಿಎಚ್ 4.5ರ ಸಿಟ್ರೇಟ್ ಬಫರ್‌ನಲ್ಲಿ 10. ನಂತರ ಕೋಶಭಿತ್ತಿ ಕರಗಿಸುವ ಕಿಣ್ವಗಳಾದ 5% ಸೆಲ್ಯುಲೇಸ್ ಒನೊಜುಕಾ ಆರ್-10 ಮತ್ತು 1% ಪೆಕ್ಟೊಲಯೇಸ್ ವೈ-23 ಸೇರಿದ ದ್ರಾವಣದಲ್ಲಿ 37 ಡಿಗ್ರಿಗೆ ಸುಮಾರು ಒಂದು ಗಂಟೆ. ಗಡಿಯಾರವನ್ನಷ್ಟೇ ನಂಬಬೇಡಿ. ಸೂಜಿಯಿಂದ ಮುಟ್ಟಿದಾಗ ತುದಿ ಬೆಣ್ಣೆಯಂತೆ ಹರಡಬೇಕು, ಆದರೆ ದ್ರಾವಣದಲ್ಲೇ ಕರಗಿ ತೇಲಬಾರದು. ಕೊನೆಯ 1 ಮಿ.ಮೀ. ಮಾತ್ರ ತೆಗೆದು, 60% ಅಸಿಟಿಕ್ ಆಮ್ಲದ ಒಂದು ಹನಿಯಲ್ಲಿ ಬಿಡಿಸಿ, ಕವರ್‌ಸ್ಲಿಪ್ ಇಟ್ಟು ನೇರವಾಗಿ ಒತ್ತುತ್ತೇನೆ. ಒತ್ತುವಾಗ ಅದು ಪಕ್ಕಕ್ಕೆ ಜರುಗಿದರೆ ಆ ಸ್ಲೈಡ್ ಮುಗಿದಂತೆ. ಫೇಸ್ ಕಾಂಟ್ರಾಸ್ಟ್ ಸೂಕ್ಷ್ಮದರ್ಶಕದಲ್ಲಿ ವರ್ಣತಂತುಗಳು ಬಿಡಿಬಿಡಿಯಾಗಿ ಚೆಲ್ಲಿದ ಕನಿಷ್ಠ ಐದು ಕೋಶಗಳಿದ್ದರೆ ಮಾತ್ರ ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ ಕವರ್‌ಸ್ಲಿಪ್ ಎಬ್ಬಿಸುತ್ತೇನೆ. ಕೋಶರಸ ಬೂದಿಯಂತೆ ಮುಸುಕಿದ್ದರೆ, 0.01 ನಾರ್ಮಲ್ ಎಚ್‌ಸಿಎಲ್‌ನಲ್ಲಿ ಮಿ.ಲೀ.ಗೆ 50 ಮೈಕ್ರೋಗ್ರಾಂ ಪೆಪ್ಸಿನ್ ಹಾಕಿ ಐದು ನಿಮಿಷ. ಆ ಮುಸುಕು ಉಳಿದರೆ ಪ್ರೋಬ್ (ಬಣ್ಣ ಕಟ್ಟಿದ ಡಿಎನ್‌ಎ) ಅದಕ್ಕೇ ಅಂಟಿಕೊಳ್ಳುತ್ತದೆ.

ಬಹಳಷ್ಟು ಸ್ಲೈಡ್‌ಗಳು ಕೆಡುವುದು ಪ್ರೋಬ್‌ನ ಪ್ರಮಾಣದಲ್ಲಿ. ಕಬ್ಬಿನ ಎಲೆಯ ಡಿಎನ್‌ಎ ಜೊತೆ ಆರ್‌ಎನ್‌ಎ, ಫಿನಾಲ್, ಪಾಲಿಸ್ಯಾಕರೈಡ್ ಬಂದೇ ಬರುತ್ತವೆ. ಸ್ಪೆಕ್ಟ್ರೋಫೋಟೋಮೀಟರ್ ಆರ್‌ಎನ್‌ಎ, ಫಿನಾಲ್‌ಗಳನ್ನೂ ಡಿಎನ್‌ಎ ಎಂದೇ ಓದಿಬಿಡುತ್ತದೆ. 100 ನ್ಯಾನೋಗ್ರಾಂ ಎಂದು ಹಾಕಿದ್ದು ನಿಜದಲ್ಲಿ 40 ಇದ್ದರೆ ಇಡೀ ಕೋಶ ಎದುರಿನ ಬಣ್ಣಕ್ಕೆ ವಾಲುತ್ತದೆ, ನಾವು ಅದನ್ನು ಜೀವಶಾಸ್ತ್ರ ಅಂದುಕೊಳ್ಳುತ್ತೇವೆ. ಹಾಗಾಗಿ ಸಿಟಿಎಬಿ ಮಾರ್ಜಕದ ವಿಧಾನಕ್ಕೆ ಫಿನಾಲ್ ಹಿಡಿದಿಡುವ ಪಿವಿಪಿ ಸೇರಿಸಿ ಡಿಎನ್‌ಎ ತೆಗೆಯುತ್ತೇನೆ, ಆರ್‌ಎನ್‌ಎ ಕಡಿಯುವ ಆರ್‌ಎನ್‌ಏಸ್ ಹಾಕುತ್ತೇನೆ, ಫ್ಲೋರೋಮೀಟರ್‌ನಲ್ಲೇ ಅಳೆಯುತ್ತೇನೆ. ನಿಕ್ ಟ್ರಾನ್ಸ್‌ಲೇಷನ್ (ಡಿಎನ್‌ಎಗೆ ಬಣ್ಣ ಕಟ್ಟುವ ಹಂತ) ಆದ ಮೇಲೆ ತುಣುಕುಗಳು 200–500 ಬೇಸ್ ಜೋಡಿಯೊಳಗೆ ಇರಬೇಕು, ಜೆಲ್ ಓಡಿಸಿ ನೋಡಿ. ಅದಕ್ಕಿಂತ ಉದ್ದವಾದರೆ ಸ್ಲೈಡ್ ತುಂಬಾ ನಕ್ಷತ್ರ ಚೆಲ್ಲಿದಂತೆ ಹಿನ್ನೆಲೆ ಬರುತ್ತದೆ.

ಗೋಧಿ–ರೈ ಸಂಕರದಲ್ಲಾದರೆ ಗೋಧಿಯ ಬಣ್ಣವಿಲ್ಲದ ಡಿಎನ್‌ಎಯನ್ನು ಪ್ರೋಬ್‌ಗಿಂತ ಹತ್ತಾರು ಪಟ್ಟು ತಡೆಯಾಗಿ ಹಾಕುವ ರೂಢಿಯಿದೆ. ಕಬ್ಬಿನ ಈ ಎರಡು ಜಾತಿಗಳಿಗೆ ನಾನು ಹಾಗೆ ಮಾಡುವುದಿಲ್ಲ. ಎರಡನ್ನೂ ಸಮನಾಗಿ, ತಲಾ 100 ನ್ಯಾನೋಗ್ರಾಂ ಹಾಕಿದರೆ ಒಂದಕ್ಕೊಂದು ಪೈಪೋಟಿ ಕೊಟ್ಟು ತಾವೇ ತಡೆಯಾಗುತ್ತವೆ. 40 ಮೈಕ್ರೋಲೀಟರ್ ಮಿಶ್ರಣದಲ್ಲಿ 50% ಫಾರ್ಮಮೈಡ್, 10% ಡೆಕ್ಸ್‌ಟ್ರಾನ್ ಸಲ್ಫೇಟ್, 2× ಎಸ್‌ಎಸ್‌ಸಿ (ಉಪ್ಪು–ಸಿಟ್ರೇಟ್ ಬಫರ್). ಡಿಎನ್‌ಎಯ ಎರಡು ಎಳೆ ಬಿಡಿಯಾಗಲು ಸ್ಲೈಡನ್ನು 70% ಫಾರ್ಮಮೈಡ್‌ನಲ್ಲಿ 72 ಡಿಗ್ರಿಗೆ ಎರಡೂವರೆ ನಿಮಿಷ ಇಟ್ಟು, ತಕ್ಷಣ ತಣ್ಣನೆಯ ಎಥನಾಲ್‌ಗೆ. ಫಾರ್ಮಮೈಡ್ ಕೆಲಸ ಕೈಗವಸು ಹಾಕಿ ಫ್ಯೂಮ್ ಹುಡ್‌ನಲ್ಲೇ ಮಾಡಬೇಕು. ಸಮಯ ಜಾಸ್ತಿಯಾದರೆ ಡಾಪಿಯಲ್ಲಿ (ಡಿಎನ್‌ಎಗೆ ಅಂಟುವ ನೀಲಿ ಬಣ್ಣ) ವರ್ಣತಂತು ಅಂಚು ಮಾತ್ರ ಉಳಿದ ಪೊರೆಯಂತೆ ಕಾಣುತ್ತದೆ. ಪ್ರೋಬ್ ಮಿಶ್ರಣ ಹಾಕಿ ರಾತ್ರಿಯಿಡೀ 37 ಡಿಗ್ರಿ, ಮರುದಿನ 20% ಫಾರ್ಮಮೈಡ್, 0.1× ಎಸ್‌ಎಸ್‌ಸಿಯಲ್ಲಿ 42 ಡಿಗ್ರಿಗೆ 10 ನಿಮಿಷ ತೊಳೆತ.

ಸಂಕರದ ಸ್ಲೈಡ್ ಜೊತೆಗೆ ಇಬ್ಬರು ಪೋಷಕರ ಸ್ಲೈಡ್‌ಗಳನ್ನೂ ಅದೇ ಮಿಶ್ರಣದಲ್ಲಿ ಓಡಿಸುವುದನ್ನು ಬಿಡಬೇಡಿ. ಅಫಿಸಿನೇರಮ್ ಪೂರ್ತಿ ಕೆಂಪು, ಸ್ಪಾಂಟೇನಿಯಮ್ ಪೂರ್ತಿ ಹಸಿರು ಬರಬೇಕು. ಎರಡೂ ಹಳದಿಯಾದರೆ ತೊಳೆತ ಇನ್ನೂ ಬಿಗಿಯಾಗಬೇಕು. 45ಎಸ್ ರೈಬೋಸೋಮ್ ಜೀನ್ ಇರುವ ಜಾಗ ಎರಡೂ ಜಾತಿಗಳಲ್ಲಿ ಒಂದೇ ಥರ ಇರುವುದರಿಂದ ಅಲ್ಲಿ ಬಣ್ಣ ಬೆರೆಯುತ್ತದೆ. ಅದನ್ನು ಎರಡು ಜಾತಿಗಳ ವರ್ಣತಂತುಗಳು ತುಂಡು ಬದಲಿಸಿಕೊಂಡದ್ದು (ಮರುಸಂಯೋಜನೆ) ಎಂದು ಎಣಿಸಿಬಿಡುವ ತಪ್ಪು ಬಹಳ ಸುಲಭ. ಅರ್ಧ ಕೆಂಪು ಅರ್ಧ ಹಸಿರಿನ ವರ್ಣತಂತುವನ್ನು ನಾನು ಮರುಸಂಯೋಜಿತ ಎಂದು ಬರೆಯುವುದು ಮೂರು ಷರತ್ತಿನ ಮೇಲೆ: ಗಡಿ ಎರಡೂ ಕ್ರೊಮ್ಯಾಟಿಡ್‌ಗಳಲ್ಲಿ (ವರ್ಣತಂತುವಿನ ಜೋಡಿ ಎಳೆಗಳಲ್ಲಿ) ನೇರವಾಗಿರಬೇಕು, ಬೇರೆ ಕೋಶಗಳಲ್ಲೂ ಸಿಗಬೇಕು, ಬಣ್ಣಗಳನ್ನು ಅದಲುಬದಲು ಮಾಡಿದರೂ ಉಳಿಯಬೇಕು. ಈಗಿನ ತಳಿಗಳಲ್ಲಿ ನೂರಕ್ಕೆ ಸುಮಾರು 70ರಿಂದ 80 ಅಫಿಸಿನೇರಮ್, 10ರಿಂದ 20 ಸ್ಪಾಂಟೇನಿಯಮ್, ಉಳಿದವು ಮರುಸಂಯೋಜಿತ. ನಿಮ್ಮ ಲೆಕ್ಕ ಇದರಿಂದ ತುಂಬಾ ದೂರವಿದ್ದರೆ ತಳಿಯ ಮೇಲೆ ಅನುಮಾನ ಪಡುವ ಮೊದಲು ಪ್ರೋಬ್ ನೋಡಿ.

ಇಷ್ಟಾದರೂ ತಿಳಿದದ್ದು ಯಾರ ಕಡೆಯದು ಎಂದಷ್ಟೇ, ಎಷ್ಟನೆಯ ವರ್ಣತಂತು ಎಂದಲ್ಲ. ಅದಕ್ಕೆ 45ಎಸ್, 5ಎಸ್ ರೈಬೋಸೋಮ್ ಜೀನ್ ಪ್ರೋಬ್‌ಗಳ ಫಿಶ್ (ಒಟ್ಟು ಡಿಎನ್‌ಎ ಬದಲು ಒಂದು ಗೊತ್ತಾದ ತುಣುಕಿಗೆ ಬಣ್ಣ ಕಟ್ಟಿ ಅದರ ಜಾಗ ಹುಡುಕುವುದು), ಅನುಕೂಲವಿದ್ದರೆ ಒಂದೊಂದು ವರ್ಣತಂತುವಿಗೇ ಮಾಡಿದ ಆಲಿಗೊ (ಚಿಕ್ಕ ಡಿಎನ್‌ಎ ತುಣುಕಿನ) ಪ್ರೋಬ್ ಬೇಕು. 45ಎಸ್ ಚುಕ್ಕೆಗಳು 80ರ ಅಫಿಸಿನೇರಮ್‌ನಲ್ಲಿ 8, 64ರ ಸ್ಪಾಂಟೇನಿಯಮ್‌ನಲ್ಲೂ 8. ಮೂಲ ಸಂಖ್ಯೆ (ಒಂದು ಗುಂಪಿನ ವರ್ಣತಂತುಗಳ ಸಂಖ್ಯೆ) ಒಂದರಲ್ಲಿ 10, ಇನ್ನೊಂದರಲ್ಲಿ 8 ಎಂಬುದು ಅಲ್ಲೇ ಕಾಣುತ್ತದೆ. 112ರ ಸಂಕರದಲ್ಲಿ ಲೆಕ್ಕದಂತೆ 12 ಚುಕ್ಕೆ ಬರಬೇಕು, 8 ಕೆಂಪಿನ ಮೇಲೆ, 4 ಹಸಿರಿನ ಮೇಲೆ. ಒಂದೇ ಸ್ಲೈಡ್‌ನಲ್ಲಿ ಎರಡನ್ನೂ ಮಾಡುವಾಗ ಮೊದಲು ಫಿಶ್, ಆಮೇಲೆ ಗಿಶ್. ಚಿಕ್ಕ ಆಲಿಗೊಗಳು ತೊಳೆದರೆ ಬಿಟ್ಟುಹೋಗುತ್ತವೆ, ಗಿಶ್‌ನ ಬಣ್ಣ ಅಷ್ಟು ಬೇಗ ಬಿಡುವುದಿಲ್ಲ. ಫೋಟೋ ತೆಗೆದ ಪ್ರತಿ ಕೋಶದ ಜಾಗವನ್ನು ಸೂಕ್ಷ್ಮದರ್ಶಕದ ವರ್ನಿಯರ್ ನೋಡಿ ಬರೆದಿಟ್ಟುಕೊಳ್ಳಿ, ಎರಡನೇ ಸುತ್ತಿನಲ್ಲಿ ಅದೇ ಕೋಶ ಸಿಗುವುದು ಆ ಎರಡು ಅಂಕಿಗಳಿಂದಲೇ.