ಹಳೇ ಮಾರ್ಕ್ಸ್ ಕಾರ್ಡ್ ಕೊಟ್ಟೆ, ಅದೇ 36 ತಿಂಗಳಲ್ಲಿ ಮಾಸ್ಟರ್ಸ್ ಕೂಡ ಮುಗಿಸಿದೆ

2025ರ ಡಿಸೆಂಬರ್‌ನಲ್ಲಿ ನನ್ನ ಮಾಸ್ಟರ್ಸ್ ಮುಗಿಯಿತು. ಬ್ಯಾಚುಲರ್ಸ್ ಮತ್ತು ಮಾಸ್ಟರ್ಸ್ ಎರಡಕ್ಕೂ ಬಳಸಿದ್ದು ಒಂದೇ ಪೋಸ್ಟ್ 9/11 ಜಿಐ ಬಿಲ್, ಅಂದರೆ ಸೈನ್ಯದಲ್ಲಿ ಸೇವೆ ಮಾಡಿದವರ ಓದಿನ ಖರ್ಚನ್ನು ಅಮೆರಿಕ ಸರ್ಕಾರ 36 ತಿಂಗಳವರೆಗೆ ಕೊಡುವ ಯೋಜನೆ. ಅದೇ 36 ತಿಂಗಳು. ಇನ್ನೂ ಒಂದು ತಿಂಗಳ ಚಿಲ್ಲರೆ ಉಳಿದಿದೆ. ಇದು ಆಗಲ್ಲ ಅಂತ ಹೇಳಿದವರು ಬಹಳ ಜನ. ಅಮೆರಿಕದ ಸೈನ್ಯದಲ್ಲಿ ಇರುವ, ಬಿಟ್ಟು ಬಂದಿರುವ ನಮ್ಮ ಕನ್ನಡದವರಿಗಾಗಿ ನಾನು ಮಾಡಿದ ರೀತಿಯನ್ನು ಬರೆಯುತ್ತಿದ್ದೇನೆ. ಜಿಐ ಬಿಲ್ ದುಡ್ಡು ಕೊಡುವುದು ವಿಎ, ಅಂದರೆ ಅಮೆರಿಕದ ಮಾಜಿ ಸೈನಿಕರ ಇಲಾಖೆ. ನಾವು ಯಾವ ಕ್ಲಾಸ್ ಓದುತ್ತಿದ್ದೇವೆ ಅಂತ ವಿಎಗೆ ಖಚಿತಪಡಿಸುವ, ಅಂದರೆ ಸರ್ಟಿಫೈ ಮಾಡುವ, ಕಾಲೇಜಿನ ಸಿಬ್ಬಂದಿಯೇ ಎಸ್‌ಸಿಒ.

ನಾನು ಕರ್ನಾಟಕದಲ್ಲಿ ಮೆಕ್ಯಾನಿಕಲ್ ಬಿಇ ಎರಡೂವರೆ ವರ್ಷ ಓದಿದೆ. ಅಪ್ಪನ ಗ್ರೀನ್ ಕಾರ್ಡ್ ಬಂದಾಗ ಅರ್ಧಕ್ಕೆ ಬಿಟ್ಟು ಹೊರಟೆ. ನಾಲ್ಕು ಸಬ್ಜೆಕ್ಟ್ ಬ್ಯಾಕ್ ಉಳಿದಿದ್ದವು. ಟೆಕ್ಸಾಸ್‌ನಲ್ಲಿ ಸೈನ್ಯಕ್ಕೆ ಸೇರಿದೆ, 88ಎಂ, ಅಂದರೆ ಟ್ರಕ್ ಓಡಿಸುವ ಕೆಲಸ. ಫೋರ್ಟ್ ಲಿಯನರ್ಡ್ ವುಡ್‌ನಲ್ಲಿ ಟ್ರೈನಿಂಗ್. ಐದು ವರ್ಷ ಮುಗಿಸಿ 2021ರಲ್ಲಿ ಹೊರಬಂದೆ. 36 ತಿಂಗಳು ಸಕ್ರಿಯ ಸೇವೆ ದಾಟಿದ್ದರಿಂದ ನೂರಕ್ಕೆ ನೂರು ಸೌಲಭ್ಯ ಸಿಕ್ಕಿತು.

ಆಗಸ್ಟ್‌ನಲ್ಲಿ ಸರ್ಕಾರಿ ವಿಶ್ವವಿದ್ಯಾಲಯವೊಂದಕ್ಕೆ ಸೇರುವಾಗ ಗೆಳೆಯರು ಒಂದೇ ಮಾತು ಹೇಳಿದರು. "ಇಂಡಿಯಾ ಕಾಲೇಜಿನ ಟ್ರಾನ್ಸ್‌ಕ್ರಿಪ್ಟ್ ಕೊಡಬೇಡ ಮಾರಾಯ. ಕ್ರೆಡಿಟ್ ಸಿಕ್ಕರೆ ಕ್ಲಾಸ್ ಕಡಿಮೆಯಾಗುತ್ತೆ, ಬಿಎಎಚ್ ಹೋಗುತ್ತೆ." ಬಿಎಎಚ್ ಅಂದರೆ ಓದುವಾಗ ವಿಎ ತಿಂಗಳು ತಿಂಗಳು ಕೊಡುವ ಮನೆ ಬಾಡಿಗೆ ಭತ್ಯೆ. ಅರ್ಜಿಯಲ್ಲಿ ಹಳೇ ಕಾಲೇಜಿನ ಹೆಸರು ಬರೆದಿದ್ದೆ. ಸುಳ್ಳು ಬರೆಯಲಿಲ್ಲ. ಆದರೆ ಟ್ರಾನ್ಸ್‌ಕ್ರಿಪ್ಟ್ ಕೊಡುವುದನ್ನು ಎಳೆದೆ. ನಾನು ಮಾಡಿದ ದೊಡ್ಡ ತಪ್ಪು ಅದೇ.

ಮೊದಲ ಸೆಮಿಸ್ಟರ್‌ನಲ್ಲಿ 12 ಕ್ರೆಡಿಟ್, ಅಂದರೆ ಫುಲ್ ಟೈಮ್, ತಗೊಂಡೆ. ಅದರಲ್ಲಿ 4 ಕ್ರೆಡಿಟ್ಟಿನ ಕ್ಯಾಲ್ಕುಲಸ್, ಹತ್ತು ವರ್ಷದ ಹಿಂದೆ ಓದಿ ಪಾಸಾಗಿದ್ದೇ. ಸುಮ್ನೆ ಮತ್ತೆ ಕೂತೆ. ಆ ನಾಲ್ಕು ಕ್ರೆಡಿಟ್ಟಿಗೆ ಹೋದ ತಿಂಗಳುಗಳು ತಿರುಗಿ ಬರಲಿಲ್ಲ. ಹಿಂದೆ ಓದಿದ್ದನ್ನೆಲ್ಲ ಲೆಕ್ಕಕ್ಕೆ ತಗೊಳ್ಳಲೇಬೇಕು ಅನ್ನೋದು ವಿಎ ನಿಯಮ. ಸೈನ್ಯದ ತರಬೇತಿಯನ್ನು ಕ್ರೆಡಿಟ್ಟಾಗಿ ತೋರಿಸುವ ಜೆಎಸ್‌ಟಿ ದಾಖಲೆ, ಬೇರೆ ದೇಶದ ಕಾಲೇಜು, ಎಲ್ಲವೂ ಅದರಲ್ಲಿ ಬರುತ್ತದೆ. ನಮ್ಮ ಕಡೆ ಎರಡು ಸೆಮಿಸ್ಟರ್ ಗಡುವು. ಅಷ್ಟರೊಳಗೆ ಟ್ರಾನ್ಸ್‌ಕ್ರಿಪ್ಟ್ ಬರದಿದ್ದರೆ ಎಸ್‌ಸಿಒ ಮುಂದಿನ ಸೆಮಿಸ್ಟರ್ ಸರ್ಟಿಫೈ ಮಾಡುವುದಿಲ್ಲ. ಆ ಇಮೇಲ್ ಬಂದ ಮೇಲೆ ನಾನು ಎದ್ದೆ.

ಮೊದಲು ಮಾರ್ಕ್ಸ್ ಕಾರ್ಡಿನ ಸ್ಕ್ಯಾನ್ ಕಳಿಸಿದೆ. ಆಗಲ್ಲ ಅಂದರು. ಕಾಲೇಜಿನ ಕಡೆಯಿಂದಲೇ ಸೀಲ್ ಮಾಡಿದ ಲಕೋಟೆ ಬರಬೇಕಿತ್ತು. ಹಾಸನದ ಚಿಕ್ಕಪ್ಪನಿಗೆ ಫೋನ್ ಮಾಡಿದೆ. "ಏನೋ, ಹತ್ತು ವರ್ಷ ಆದ್ಮೇಲೆ ಇದೆಲ್ಲ ಯಾಕೋ ಬೇಕು?" ಅಂದರು. ಆದರೂ ಮೂರು ಸಲ ಓಡಾಡಿ ಕೆಲಸ ಮಾಡಿಸಿಕೊಟ್ಟರು. ಇಂಡಿಯಾದ ಓದು ಇಲ್ಲಿ ಎಷ್ಟು ಕ್ರೆಡಿಟ್ಟಿಗೆ ಸಮ ಅಂತ ಹೇಳುವ ಮೌಲ್ಯಮಾಪನಕ್ಕೆ, ಕೊರಿಯರಿಗೆ ಎಲ್ಲಾ ಸೇರಿ 300 ಡಾಲರ್ ಹತ್ತಿರ ಖರ್ಚಾಯಿತು. ಕೋರ್ಸ್ ಕೋರ್ಸಿಗೂ ಬೇರೆ ಬೇರೆ ಕ್ರೆಡಿಟ್ ತೋರಿಸುವ ವರದಿಯನ್ನೇ ಮಾಡಿಸಿ. ಅಗ್ಗದ ವರದಿ ಇಲ್ಲಿ ಕೆಲಸಕ್ಕೆ ಬರಲ್ಲ.

ವರದಿ ಬಂದಿದ್ದು ಎರಡನೇ ಸೆಮಿಸ್ಟರ್ ಶುರುವಾಗಿ ಒಂದು ವಾರಕ್ಕೆ, ಕ್ಲಾಸ್ ಬದಲಿಸಲು ಬಿಡುವ ಆಡ್-ಡ್ರಾಪ್ ಮುಗಿಯುವ ದಿನ. ಕ್ಯಾಲ್ಕುಲಸ್‌ನ ಎರಡನೇ ಭಾಗ ಮತ್ತು ಒಂದು ಲ್ಯಾಬ್ ನನಗೆ ಆಗಲೇ ಸಿಕ್ಕಿಬಿಟ್ಟಿದ್ದವು. ಪಾಸಾದ ಕೋರ್ಸಿಗೆ ವಿಎ ಮತ್ತೆ ದುಡ್ಡು ಕೊಡುವುದಿಲ್ಲ ಅಲ್ವಾ? ಅವೆರಡನ್ನೂ ಬಿಟ್ಟೆ. ಬೇರೆ ಕ್ಲಾಸಿನಲ್ಲಿ ಸೀಟಿರಲಿಲ್ಲ. 12ರಲ್ಲಿ ಉಳಿದಿದ್ದು 7. ಏಳನ್ನು ಹನ್ನೆರಡರಿಂದ ಭಾಗಿಸಿದರೆ ಶೇ 58 ಚಿಲ್ಲರೆ, ವಿಎ ಅದನ್ನು ಶೇ 60ಕ್ಕೆ ತರುತ್ತದೆ, ಬಿಎಎಚ್ ಅಷ್ಟೇ ಬರುತ್ತದೆ. ಆಗ ನನ್ನ ಪೂರ್ತಿ ಬಿಎಎಚ್ ತಿಂಗಳಿಗೆ ಸುಮಾರು 1,700 ಡಾಲರ್. ನಾಲ್ಕು ತಿಂಗಳಲ್ಲಿ 2,500 ಡಾಲರ್ ಹತ್ತಿರ ಕಳೆದುಕೊಂಡೆ. ಬಾಡಿಗೆ ಕಟ್ಟಲು ರಾತ್ರಿ ಗೋದಾಮಿನಲ್ಲಿ ಕೆಲಸ ಮಾಡಿದೆ. "ನಾವು ಹೇಳಿರಲಿಲ್ವಾ?" ಅಂದರು ಗೆಳೆಯರು.

ಆದರೆ ಕೂತು ಲೆಕ್ಕ ಹಾಕಿದಾಗ ಕಂಡಿದ್ದು ಬೇರೆ. ಹಳೇ ಕಾಲೇಜಿನಿಂದ 45ರಷ್ಟು, ಜೆಎಸ್‌ಟಿಯಿಂದ 12ರಷ್ಟು ಕ್ರೆಡಿಟ್ ಸಿಕ್ಕಿದ್ದವು. ಬ್ಯಾಕ್ ಉಳಿದ ನಾಲ್ಕು ಸಬ್ಜೆಕ್ಟಿಗೆ ಏನೂ ಸಿಗಲಿಲ್ಲ, ಅದು ಸರಿಯೇ. ಡಿಗ್ರಿಗೆ ಬೇಕಾದ 120 ಕ್ರೆಡಿಟ್ಟಿನಲ್ಲಿ ಹತ್ತಿರ ಹತ್ತಿರ ಅರ್ಧ, ನನ್ನ ಎಂಟೈಟಲ್‌ಮೆಂಟ್, ಅಂದರೆ ಆ 36 ತಿಂಗಳು, ಒಂದು ದಿನವೂ ಖರ್ಚಾಗದೆ ಕೈಗೆ ಬಂದಿತ್ತು. ಬಿಎಎಚ್ ಎಲ್ಲಿಗೂ ಹೋಗಲ್ಲ. ಬಳಸದ ತಿಂಗಳು ಖಾತೆಯಲ್ಲೇ ಇರುತ್ತದೆ. 2013ರ ಜನವರಿ 1ರಿಂದ ಈಚೆಗೆ ಬಿಡುಗಡೆಯಾದವರಿಗೆ 15 ವರ್ಷದೊಳಗೆ ಬಳಸಬೇಕು ಅನ್ನುವ ಮಿತಿಯೂ ಇಲ್ಲ. ಅದೇ ತಿಂಗಳುಗಳನ್ನು ಮಾಸ್ಟರ್ಸ್‌ಗೆ ಬಳಸಿದರೆ ಬಿಎಎಚ್ ಆಗಲೂ ಬರುತ್ತದೆ. ಈ ಒಂದು ಮಾತನ್ನು ಯಾರೂ ನನಗೆ ಹೇಳಿರಲಿಲ್ಲ.

ವಿಶ್ವವಿದ್ಯಾಲಯ ಮಾಡಿದ ಮೊದಲ ಪಟ್ಟಿಯಲ್ಲಿ ನನ್ನ 45ರಲ್ಲಿ ಸುಮಾರು 20 ಕ್ರೆಡಿಟ್ ಬರೀ 'ಎಲೆಕ್ಟಿವ್' ಅಂತ ಬಿದ್ದಿದ್ದವು. ನನ್ನ ಡಿಗ್ರಿ ಪ್ಲಾನ್‌ನಲ್ಲಿ ಅಷ್ಟು ಎಲೆಕ್ಟಿವ್‌ಗೆ ಜಾಗವೇ ಇರಲಿಲ್ಲ. ಹಾಗೆ ಬಿದ್ದ ಕ್ರೆಡಿಟ್ ಇದ್ದೂ ಇಲ್ಲದ ಹಾಗೆ. ಹಳೇ ಸಿಲಬಸ್ ಪುಸ್ತಕ ತರಿಸಿ, ಒಂದೊಂದು ಕೋರ್ಸಿಗೂ ಇಲ್ಲಿನ ಯಾವ ಕೋರ್ಸ್ ಸಮ ಅಂತ ಎದುರುಬದುರು ಬರೆದು ವಿಭಾಗಕ್ಕೆ ಕೊಟ್ಟೆ. ಎಂಜಿನಿಯರಿಂಗ್ ಡ್ರಾಯಿಂಗ್, ಸ್ಟ್ರೆಂತ್ ಆಫ್ ಮೆಟೀರಿಯಲ್ಸ್, ಥರ್ಮೋಡೈನಮಿಕ್ಸ್ ಮೂರೂ ಸರಿಯಾದ ಜಾಗಕ್ಕೆ ಬಂದವು. ಮೊದಲು ಇಲ್ಲ ಅಂದವರನ್ನು ಒಪ್ಪಿಸಿದ್ದು ಹೇಗೆ ಅಂತ ಇಲ್ಲಿ ಬರೆಯಲ್ಲ. ಆ ಪತ್ರ ಬರೆಯಲು ನನಗೆ ಎರಡು ವಾರ ಹಿಡಿಯಿತು. ನಮ್ಮವರು ಯಾರಾದರೂ ನೇರವಾಗಿ ಸಿಕ್ಕರೆ ಕೂತು ಬರೆಸಿಕೊಡುತ್ತೇನೆ.

2022ರ ಬೇಸಿಗೆಯಲ್ಲಿ ಇನ್ನೊಂದು ಪೆಟ್ಟು. ಕೋವಿಡ್ ಕಾನೂನಿನಿಂದಾಗಿ ಕ್ಲಾಸ್ ಆನ್‌ಲೈನ್ ಆದರೂ ಪೂರ್ತಿ ಬಿಎಎಚ್ ಬರುತ್ತಿತ್ತು. ಅದು ಜೂನ್ 1ಕ್ಕೆ ಮುಗಿಯಿತು. ನಾನು ಆ ವಾರದ ನಂತರ ಶುರುವಾಗುವ ಎರಡು ಆನ್‌ಲೈನ್ ಕ್ಲಾಸ್ ಹಿಡಿದಿದ್ದೆ. ಎಲ್ಲಾ ಕ್ಲಾಸೂ ಆನ್‌ಲೈನ್ ಆದರೆ ಸಿಗುವುದು ದೇಶದ ಸರಾಸರಿ ಬಿಎಎಚ್‌ನ ಅರ್ಧ, ತಿಂಗಳಿಗೆ 900 ಡಾಲರ್ ಚಿಲ್ಲರೆ ಮಾತ್ರ ಬಂತು. ಒಂದೇ ಒಂದು ಕ್ಲಾಸಿಗೆ ಕಾಲೇಜಿಗೆ ಹೋಗಿ ಕೂತಿದ್ದರೆ ಸಾಕಿತ್ತು. ಆಮೇಲೆ ಪ್ರತಿ ಸೆಮಿಸ್ಟರ್ ನಾನು ಮೊದಲು ಹುಡುಕುತ್ತಿದ್ದುದು ಆ ಒಂದು ಕ್ಲಾಸನ್ನೇ.

2023ರ ಬೇಸಿಗೆಯಲ್ಲಿ ಒಂದು ಪ್ರಯೋಗ ಮಾಡಿ ನೋಡಿದೆ. ಟೆಕ್ಸಾಸ್‌ನಲ್ಲಿ ಡಿಗ್ರಿಗೆ 6 ಕ್ರೆಡಿಟ್ ಅಮೆರಿಕದ ಇತಿಹಾಸ ಬೇಕೇ ಬೇಕು. ಅದರಲ್ಲಿ 3 ಬಾಕಿ ಇತ್ತು. ಮನೆ ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಐದು ವಾರದ ಕ್ಲಾಸ್, ಕಾಲೇಜಿಗೇ ಹೋಗುವಂಥದ್ದು, ಸಿಕ್ಕಿತು. ಕಡಿಮೆ ವಾರದ ಕ್ಲಾಸಿಗೆ ವಿಎ ಲೆಕ್ಕ ಬೇರೆ. ಕ್ರೆಡಿಟ್ಟನ್ನು 18ರಿಂದ ಗುಣಿಸಿ ವಾರಗಳಿಂದ ಭಾಗಿಸುತ್ತಾರೆ. 3 ಸಲ 18 ಅಂದರೆ 54, ಐದರಿಂದ ಭಾಗಿಸಿದರೆ 10.8. ಅಂದರೆ ಫುಲ್ ಟೈಮಿನ 12ರ ಲೆಕ್ಕದಲ್ಲಿ ಒಂದೇ ಕ್ಲಾಸಿಗೆ ಶೇ 90ರಷ್ಟು ಬಿಎಎಚ್! ಕಮ್ಯುನಿಟಿ ಕಾಲೇಜಿನ ಕೌಂಟರಿನಲ್ಲಿ ಇದ್ದವರೇ ನಂಬಲಿಲ್ಲ, ದುಡ್ಡು ಬಂದ ಮೇಲೆ ನಂಬಿದರು. ನಮ್ಮ ಎಸ್‌ಸಿಒ ಕೈಯಲ್ಲಿ ಪೇರೆಂಟ್ ಲೆಟರ್, ಅಂದರೆ ಆ ಕ್ಲಾಸ್ ನಮ್ಮ ಡಿಗ್ರಿಗೆ ಲೆಕ್ಕಕ್ಕೆ ಬರುತ್ತದೆ ಅನ್ನುವ ಪತ್ರ, ಮೊದಲೇ ಬರೆಸಿಕೊಳ್ಳಬೇಕು. ಇಲ್ಲದಿದ್ದರೆ ಆ ಕಾಲೇಜು ಸರ್ಟಿಫೈ ಮಾಡಲ್ಲ. ಐದು ವಾರದಲ್ಲಿ ಒಂದು ಸೆಮಿಸ್ಟರಿನ ಓದು, ಕಷ್ಟವೇ. ಹೆಂಡತಿ ಆ ತಿಂಗಳು ಮನೆ ಪೂರ್ತಿ ನೋಡಿಕೊಂಡಳು.

ಕೊನೆಯ ಸೆಮಿಸ್ಟರಿಗೆ 9 ಕ್ರೆಡಿಟ್ ಮಾತ್ರ ಉಳಿಯಿತು. ಅಲ್ಲಿ ರೌಂಡಿಂಗ್ ಔಟ್ ಬಳಸಿದೆ. ಡಿಗ್ರಿಗೆ ಬೇಡದ ಒಂದು ಕ್ಲಾಸ್ ಸೇರಿಸಿ 12 ಮಾಡಿಕೊಳ್ಳಲು ಆ ಒಂದು ಸಲ ಮಾತ್ರ ಬಿಡುತ್ತಾರೆ. ನಾನು ವೆಲ್ಡಿಂಗ್ ತಗೊಂಡೆ. ಆಸೆ ಇತ್ತು, ಕಲಿತೆ. ಈಗಲೂ ಮನೆಯ ಗೇಟು ನಾನೇ ಮಾಡಿದ್ದು. 2023ರ ಡಿಸೆಂಬರ್‌ನಲ್ಲಿ ಡಿಗ್ರಿ ಬಂತು. ಹೋಗಿದ್ದು 20 ತಿಂಗಳಷ್ಟೇ.

ದುಡ್ಡಿನ ವಿಷಯದಲ್ಲಿ ಇನ್ನು ಕೆಲವು. ಬಿಎಎಚ್ ತಿಂಗಳು ಮುಗಿದ ಮೇಲೆ ಬರುತ್ತದೆ, ಸೆಮಿಸ್ಟರ್ ರಜೆಗೆ ಬರುವುದೇ ಇಲ್ಲ. ಎರಡು ತಿಂಗಳ ಬಾಡಿಗೆ ಕೈಯಲ್ಲಿಟ್ಟುಕೊಂಡೇ ಶುರು ಮಾಡಿ. ನಮ್ಮ ಜನವರಿ ಯಾವಾಗಲೂ ಬಿಗಿ. 2022ರ ಡಿಸೆಂಬರ್‌ನಲ್ಲಿ ಊರಿಗೆ ಹೋಗಿ ಫೋನಿಗೆ ಅಲ್ಲಿನ ಸಿಮ್ ಹಾಕಿದೆ. ಓದುತ್ತಿದ್ದೀರಾ ಅಂತ ವಿಎ ಪ್ರತಿ ತಿಂಗಳು ಕಳಿಸುವ ಮೆಸೇಜ್ ತಪ್ಪಿತು, ವಾಪಸ್ ಬಂದ ಮೇಲೂ ಗಮನಿಸಲಿಲ್ಲ. ಎರಡು ತಿಂಗಳು ಸತತ ಉತ್ತರ ಕೊಡದಿದ್ದರೆ ಬಿಎಎಚ್ ನಿಲ್ಲುತ್ತದೆ, ನಿಂತಿತು. ಫೋನ್ ಮಾಡಿ ಸರಿಪಡಿಸಲು ಒಂದು ಬೆಳಿಗ್ಗೆ ಹಿಡಿಯಿತು. ಮತ್ತೊಂದು ಸಲ ವಿಎ ಫೀಸು ತಡವಾಗಿ ಕಳಿಸಿತು ಅಂತ ನನ್ನ ಖಾತೆಗೆ ಲೇಟ್ ಫೀ ಬಿತ್ತು. 2018ರ ಕಾನೂನಿನ ಸೆಕ್ಷನ್ 103 ಅದನ್ನು ತಡೆಯುತ್ತದೆ. ಎಸ್‌ಸಿಒಗೆ ಎರಡು ಸಾಲು ಬರೆದೆ, ಮರುದಿನ ತೆಗೆದರು. ನಮ್ಮ ಎಸ್‌ಸಿಒ ಆ ಹೆಂಗಸು ನಾಲ್ಕು ವರ್ಷ ನನ್ನ ಒಂದು ಇಮೇಲಿಗೂ ಉತ್ತರ ಕೊಡದೆ ಬಿಟ್ಟಿಲ್ಲ. ಅವರ ಜೊತೆ ಪ್ರತಿ ಸೆಮಿಸ್ಟರ್ ರಿಜಿಸ್ಟ್ರೇಷನ್‌ಗೆ ಮೊದಲು ಡಿಗ್ರಿ ಪ್ಲಾನ್ ಹಿಡಿದು ಕೂತೆ, ನಂತರ ಅಲ್ಲ.

ಟೆಕ್ಸಾಸ್‌ನಲ್ಲಿ ಸೈನ್ಯಕ್ಕೆ ಸೇರಿದವರಿಗೆ ಹೇಜಲ್‌ವುಡ್ ಅನ್ನುವ ರಾಜ್ಯದ ಸೌಲಭ್ಯ ಕೂಡ ಇದೆ, 150 ಕ್ರೆಡಿಟ್‌ವರೆಗೆ ಟ್ಯೂಷನ್ ಮಾಫಿ. ಆದರೆ ಅದು ಬಾಡಿಗೆ ಕೊಡುವುದಿಲ್ಲ. ನಾನು ಮುಟ್ಟದೆ ಇಟ್ಟಿದ್ದೇನೆ.

ಮಾಸ್ಟರ್ಸ್‌ನಲ್ಲಿ ಫುಲ್ ಟೈಮ್ ಎಷ್ಟು ಅಂತ ವಿಶ್ವವಿದ್ಯಾಲಯವೇ ಹೇಳುತ್ತದೆ. ನಮ್ಮಲ್ಲಿ 9 ಕ್ರೆಡಿಟ್. ನಾಲ್ಕು ಸೆಮಿಸ್ಟರ್, ಸೆಮಿಸ್ಟರಿಗೆ ಮೂರು ಕ್ಲಾಸ್, ಅದರಲ್ಲಿ ಒಂದು ಕಾಲೇಜಿನಲ್ಲೇ. ಪೂರ್ತಿ ಬಿಎಎಚ್ ಬಂತು. ಒಂದು ಡಾಲರ್ ಸಾಲವಿಲ್ಲ. ಟ್ರಾನ್ಸ್‌ಕ್ರಿಪ್ಟ್ ಮುಚ್ಚಿಡು ಅಂದಿದ್ದ ಗೆಳೆಯರಲ್ಲಿ ಒಬ್ಬ ಹೋದ ತಿಂಗಳು ತನ್ನ ಹುಬ್ಬಳ್ಳಿಯ ಡಿಪ್ಲೊಮಾ ಮಾರ್ಕ್ಸ್ ಕಾರ್ಡ್ ಹಿಡಿದು ನಮ್ಮ ಮನೆಗೆ ಬಂದಿದ್ದ. ರಾತ್ರಿ ಒಂದು ಗಂಟೆವರೆಗೆ ಕೂತು ಅವನ ಪಟ್ಟಿ ಮಾಡಿದೆವು.

ಉಳಿದ ಆ ಒಂದು ತಿಂಗಳ ಚಿಲ್ಲರೆಯನ್ನೂ ಬಿಡಲ್ಲ. ಸೆಮಿಸ್ಟರ್ ಶುರುವಾಗುವ ದಿನ ಎಂಟೈಟಲ್‌ಮೆಂಟ್ ಇದ್ದು ನಡುವೆ ಮುಗಿದರೆ, ಆ ಸೆಮಿಸ್ಟರ್ ಕೊನೆವರೆಗೂ ವಿಎ ಕೊಡುತ್ತದೆ. ಆಗಸ್ಟ್‌ಗೆ ಒಂದು ಸರ್ಟಿಫಿಕೇಟ್ ಕೋರ್ಸಿಗೆ ಅರ್ಜಿ ಹಾಕಿದ್ದೇನೆ.