ಕೋಣನಕುಂಟೆ ಕಥೆಗೆ ಎರಡು ಕಾಲಂ

ರಾಜೀವ್ ಗಾಂಧಿ ಹಂತಕರ ಬೇಟೆ ಬಗ್ಗೆ ಪಾಡ್‌ಕಾಸ್ಟ್ ಮಾಡುತ್ತೇನೆ ಅಂದಾಗ ಗೆಳೆಯರು ಕೇಳಿದ್ದು ಒಂದೇ ಮಾತು: ‘ಎಲ್ಲರಿಗೂ ಗೊತ್ತಿರೋ ಕಥೆ ಅಲ್ವಾ?’ ಗೊತ್ತಿರುವುದೇ ತೊಂದರೆ. ಸಂಚಿನ ಮುಖ್ಯಸ್ಥ ಒಕ್ಕಣ್ಣ ಶಿವರಾಸನ್ ಬೆಂಗಳೂರಲ್ಲಿ ಸತ್ತ ಅಂತ ತಿಳಿದವರು ಮೊದಲ ವಾಕ್ಯದಲ್ಲೇ ಅವನನ್ನು ತಂದು ನಿಲ್ಲಿಸುತ್ತಾರೆ. ಆದರೆ 1991ರ ಮೇ 21ರ ರಾತ್ರಿ ಶ್ರೀಪೆರಂಬುದೂರಿನಲ್ಲಿ ಬಾಂಬ್ ಸಿಡಿದಾಗ, ಯಾರು ಮಾಡಿದ್ದು ಅಂತ ಅಲ್ಲಿದ್ದ ಪೊಲೀಸರಿಗೆ ಗೊತ್ತಿರಲಿಲ್ಲ.

ಹಾಗಾಗಿ ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಹಾಕಿದೆ. ಎಡಕ್ಕೆ ಸಂಗತಿ ನಡೆದದ್ದು ಯಾವಾಗ, ಬಲಕ್ಕೆ ಅದು ತನಿಖೆಯವರಿಗೆ ತಿಳಿದದ್ದು ಯಾವಾಗ. ಸ್ಕ್ರಿಪ್ಟ್ ಬರೆಯುವಾಗ ಬಲಗಡೆಯದನ್ನು ಮಾತ್ರ ನೋಡಿದೆ. ಆಧಾರ 1999ರ ಸುಪ್ರೀಂ ಕೋರ್ಟ್ ತೀರ್ಪು. ಮೂವರು ನ್ಯಾಯಮೂರ್ತಿಗಳೂ ಬೇರೆ ಬೇರೆ ಬರೆದಿದ್ದಾರೆ. ಉದ್ದ ಅಂದರೆ ಉದ್ದ. ಸಂಜೆ ಹೊತ್ತು ಸ್ವಲ್ಪ ಸ್ವಲ್ಪವೇ ಓದಿದೆ.

ಹರಿಬಾಬು ವಿಷಯದಲ್ಲಿ ಈ ಪದ್ಧತಿ ಚೆನ್ನಾಗಿ ಕೆಲಸ ಮಾಡಿತು. ಮೊದಲಿಗೆ ಅವನು ಸ್ಫೋಟದಲ್ಲಿ ಸತ್ತ ಒಬ್ಬ ಫೋಟೋಗ್ರಾಫರ್, ಅಷ್ಟೇ. ಅವನು ಸತ್ತರೂ ಕ್ಯಾಮೆರಾ ಉಳಿದಿತ್ತು, ರೀಲಿನಲ್ಲಿ ಹತ್ತು ಚಿತ್ರ. ಹಸಿರು-ಕಿತ್ತಳೆ ಚೂಡಿದಾರ್ ತೊಟ್ಟು, ಗಂಧದ ಹಾರ ಹಿಡಿದು ಕಾಯುತ್ತಿರುವ ಹುಡುಗಿ, ಬಾಂಬ್ ಕಟ್ಟಿಕೊಂಡಿದ್ದವಳು ಅವಳೇ. ಬಿಳಿ ಕುರ್ತಾ-ಪೈಜಾಮದಲ್ಲಿ ನೋಟ್‌ಪ್ಯಾಡ್ ಹಿಡಿದು ಪತ್ರಕರ್ತನ ಹಾಗೆ ನಿಂತ ಗಂಡಸು. ಅವನೇ ಶಿವರಾಸನ್, ಆದರೆ ಕೇಳುಗರಿಗೂ ನಾನು ಬಹಳ ಹೊತ್ತು ‘ಕುರ್ತಾದವನು’ ಅಂತಲೇ ಹೇಳಿದೆ. ಆಮೇಲೆ ಹರಿಬಾಬು ಮನೆಯಲ್ಲಿ ಪೂಂಪುಹಾರ್ ಅಂಗಡಿಯ ರಸೀದಿ ಸಿಗುತ್ತದೆ, ಗಂಧದ ಹಾರ ಕೊಂಡದ್ದು. ಸತ್ತ ಫೋಟೋಗ್ರಾಫರ್ ಆ ಒಂದು ಚೀಟಿಯಿಂದ ಸಂಚಿನೊಳಗೆ ಬಂದುಬಿಡುತ್ತಾನೆ. ಮೊದಲೇ ಹೇಳಿಬಿಟ್ಟಿದ್ದರೆ ರಸೀದಿಗೆ ಏನು ಬೆಲೆ?

ಸಂಚಿನಲ್ಲಿದ್ದ ನಳಿನಿ, ಮುರುಗನ್ ಬಂಧನ ಜೂನ್‌ನಲ್ಲಿ. ಅದನ್ನು ಬೇಗ ಮುಗಿಸಿದೆ. ಶಿವರಾಸನ್ ಮತ್ತು ಅವನ ಜೊತೆಗಾರ್ತಿ ಶುಭಾ ಟ್ಯಾಂಕರ್ ಲಾರಿಯಲ್ಲಿ ಅಡಗಿ ಬೆಂಗಳೂರಿಗೆ ಬಂದದ್ದು ಎಡಗಡೆ ಕಾಲಂನಲ್ಲೇ ಕಾಯುತ್ತಾ ಕುಳಿತಿತ್ತು.

ಆಗಸ್ಟ್‌ಗೆ ಬರುವಾಗ ಎರಡೂ ಕಾಲಂ ಅಕ್ಕಪಕ್ಕ ಬಂದವು. ಮಂಡ್ಯ ಜಿಲ್ಲೆಯ ಮುತ್ತತ್ತಿಯಲ್ಲಿ ಅಡಗಿದ್ದ, ಹತ್ಯೆಯ ಹಿಂದಿದ್ದ ಶ್ರೀಲಂಕಾದ ತಮಿಳು ಉಗ್ರ ಸಂಘಟನೆ ಎಲ್‌ಟಿಟಿಇಯವರು ಪೊಲೀಸರು ಬಂದಾಗ ಸೈನೈಡ್ ನುಂಗಿದರು. ಕೋಣನಕುಂಟೆ ಈಗ ಮೆಟ್ರೋ ಸ್ಟೇಷನ್ ಇರುವ ಜಾಗ, ಆಗ ಊರಾಚೆ. ಅಲ್ಲಿ ಶಿವರಾಸನ್ ಅಡಗಿದ್ದ ಮನೆಯನ್ನು ಪೊಲೀಸರು ಸುತ್ತುವರಿದರು, ಕಮಾಂಡೊಗಳಿಗಾಗಿ ಕಾದರು. ಆಗಸ್ಟ್ 20ರ ಬೆಳಗ್ಗೆ ಒಳಗೆ ನುಗ್ಗಿದಾಗ ಸಿಕ್ಕಿದ್ದು ಶಿವರಾಸನ್, ಶುಭಾ ಸೇರಿ ಏಳು ಹೆಣ. ಅವತ್ತು ರಾಜೀವ್ ಹುಟ್ಟಿದ ದಿನ.

‘ಯಾಕೆ ಕಾದ್ರು ಸಾರ್?’ ಅಂತ ಈಗಲೂ ಕೇಳುತ್ತಾರೆ. ಜೀವಂತ ಹಿಡಿಯಬೇಕಿತ್ತು, ಒಳಗಿದ್ದವರ ಹತ್ತಿರ ಸೈನೈಡ್ ಇತ್ತು, ಮುತ್ತತ್ತಿ ಕಣ್ಣೆದುರಿಗಿತ್ತು. ತಕ್ಷಣ ನುಗ್ಗಿದ್ದರೂ ಅವರು ಬದುಕಿ ಸಿಗುತ್ತಿದ್ದರು ಅಂತ ನನಗೆ ಅನಿಸುವುದಿಲ್ಲ.

ಹೆಸರುಗಳದ್ದು ಇನ್ನೊಂದು ತಲೆನೋವು. 1998ರಲ್ಲಿ ಟಾಡಾ (ಭಯೋತ್ಪಾದನೆ ತಡೆ ಕಾಯ್ದೆ) ಕೋರ್ಟ್ 26 ಜನರಿಗೂ ಗಲ್ಲು ವಿಧಿಸಿತ್ತು. ಮರುವರ್ಷ ಸುಪ್ರೀಂ ಕೋರ್ಟ್ ನಾಲ್ವರ ಗಲ್ಲು ಎತ್ತಿಹಿಡಿದು, ಮೂವರಿಗೆ ಜೀವಾವಧಿ ಕೊಟ್ಟು, ಉಳಿದ 19 ಮಂದಿಯನ್ನು ಕೊಲೆ ಸಂಚಿನಿಂದ ಕೈಬಿಟ್ಟಿತು. ಆ 19 ಜನರ ಹೆಸರನ್ನು ನಾನು ಎಲ್ಲೂ ಹೇಳಲಿಲ್ಲ. ‘ಮನೆ ಕೊಡಿಸಿದವನು’ ಅಂದರೆ ಕಥೆಗೆ ಸಾಕಾಗುತ್ತದೆ.