ಶೀಟಿನ ಮಾಡಿನ ಮೇಲೆ ಮಳೆ, ಕೆಳಗೆ ಮೀಟಿಂಗ್

ಕೆಲವು ವರ್ಷಗಳ ಹಿಂದೆ, ಒಂದು ಜುಲೈ ತಿಂಗಳಲ್ಲಿ, ಕಾರ್ಕಳದ ಮನೆಯ ಮೇಲಿನ ಕೋಣೆಯಲ್ಲಿ ಕೂತು ಬೆಂಗಳೂರಿನ ಕಂಪನಿಯೊಂದರ ಜತೆ ಮಾತಾಡುತ್ತಿದ್ದೆ. ಮೇಲೆ ಶೀಟಿನ ಮಾಡು. ಮಳೆ ಹೊಯ್ಯತೊಡಗಿದ್ದೇ ತಡ, ಅವರ ಪ್ರಶ್ನೆ ನನಗೆ ಅರ್ಧ ಕೇಳಿತು, ನನ್ನ ಉತ್ತರ ಅವರಿಗೆ ಅದಕ್ಕಿಂತಲೂ ಕಡಿಮೆ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದೆ, ಬೆನ್ನ ಹಿಂದಿನ ಕಪಾಟನ್ನೂ ಒಪ್ಪ ಮಾಡಿದ್ದೆ. ದನಿಯ ಬಗ್ಗೆ ಮಾತ್ರ ಯೋಚಿಸಿರಲಿಲ್ಲ.

ತಾಳಮದ್ದಳೆ ಕೇಳಿ ಬೆಳೆದ ಊರಿನವರಿಗೆ ಇದು ಗೊತ್ತಿರಬೇಕಾದ ವಿಷಯ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳು ಎದುರುಬದುರು ಕೂತು ಮಾತಿನಲ್ಲೇ ಇಡೀ ಪ್ರಸಂಗ ಕಟ್ಟುತ್ತಾರೆ. ವಿಡಿಯೊ ಮೀಟಿಂಗ್ ಬಯಲಾಟಕ್ಕಿಂತ ತಾಳಮದ್ದಳೆಗೇ ಹತ್ತಿರ. ಹಾಗಾಗಿ ತಯಾರಿ ಕ್ಯಾಮೆರಾದಿಂದಲ್ಲ, ಮೈಕಿನಿಂದ ಶುರುವಾಗಲಿ.

1. ಮೈಕನ್ನು ಬಾಯಿಯ ಹತ್ತಿರ ತನ್ನಿ

ಲ್ಯಾಪ್‌ಟಾಪ್‌ನ ಮೈಕ್ ನಿಮ್ಮ ಬಾಯಿಯಿಂದ ಒಂದೂವರೆ ಅಡಿ ದೂರದಲ್ಲಿರುತ್ತದೆ. ಆ ಅಂತರ ಅರ್ಧಕ್ಕಿಳಿದಾಗಲೆಲ್ಲ ಮೈಕಿಗೆ ತಲುಪುವ ದನಿ ಸುಮಾರು 6 ಡೆಸಿಬಲ್ ಹೆಚ್ಚುತ್ತದೆ. ಮಳೆಯ ಸದ್ದು ಇದ್ದಷ್ಟೇ ಇರುತ್ತದೆ. ಆದ್ದರಿಂದ ಕೆನ್ನೆಯ ಪಕ್ಕಕ್ಕೆ ಮೈಕ್ ಬರುವ ಸಾಧಾರಣ ವೈರ್ ಹೆಡ್‌ಸೆಟ್ ನಮ್ಮ ಮಳೆಗಾಲಕ್ಕೆ ದುಬಾರಿ ಕ್ಯಾಮೆರಾಕ್ಕಿಂತ ಹೆಚ್ಚು ಉಪಕಾರಿ. ಬ್ಲೂಟೂತ್ ಇಯರ್‌ಬಡ್‌ನಲ್ಲಿ ಮೈಕ್ ಚಾಲೂ ಆದಾಗ ಧ್ವನಿಯ ಗುಣಮಟ್ಟ ಸಾಮಾನ್ಯವಾಗಿ ಇಳಿಯುತ್ತದೆ ಎಂಬುದೂ ನೆನಪಿರಲಿ.

ಮಾತಿಲ್ಲದಾಗ ಮ್ಯೂಟ್ ಮಾಡಿ. ಅಡುಗೆಮನೆಯ ಕುಕ್ಕರ್ ವಿಸಿಲ್ ನಿಮಗೆ ಅಭ್ಯಾಸವಾಗಿರುತ್ತದೆ, ಪುಣೆಯಲ್ಲಿ ಕೂತವರಿಗೆ ಆಗಿರುವುದಿಲ್ಲ. ಕಂಪ್ಯೂಟರಿನಲ್ಲಿ ಝೂಮ್ ಬಳಸುವವರು ಮ್ಯೂಟ್‌ನಲ್ಲಿದ್ದಾಗ ಸ್ಪೇಸ್ ಬಾರ್ ಒತ್ತಿ ಹಿಡಿದು ಮಾತಾಡಬಹುದು, ಬಿಟ್ಟ ಕೂಡಲೇ ಮತ್ತೆ ಮ್ಯೂಟ್ ಆಗುತ್ತದೆ. ಗೂಗಲ್ ಮೀಟ್‌ನಲ್ಲಿ ಕಂಟ್ರೋಲ್ ಮತ್ತು ಡಿ ಒಟ್ಟಿಗೆ ಒತ್ತಿದರೆ ಸಾಕು.

2. ಕಿಟಕಿಗೆ ಮುಖ ಮಾಡಿ

ನಮ್ಮ ಹಂಚಿನ ಮನೆಗಳ ಒಳಗೆ ಹಗಲಿನಲ್ಲೂ ಬೆಳಕು ಕಮ್ಮಿ. ಚಾವಡಿಯ ಬಾಗಿಲಿಗೆ ಬೆನ್ನು ಹಾಕಿ ಕೂತರೆ ಮುಖ ಕಪ್ಪಾಗಿ ಕಾಣುತ್ತದೆ. ತಿರುಗಿ ಕೂತರೆ ಮುಗಿಯಿತು. ಲ್ಯಾಪ್‌ಟಾಪ್ ಅಡಿಗೆ ನಾಲ್ಕು ದಪ್ಪ ಪುಸ್ತಕ ಇಟ್ಟು ಕ್ಯಾಮೆರಾವನ್ನು ಕಣ್ಣಿನ ಮಟ್ಟಕ್ಕೆ ತನ್ನಿ. ಇದಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳುವ ಅಗತ್ಯ ನನಗಂತೂ ಕಂಡಿಲ್ಲ. ತೆರೆಯ ಮೇಲೆ ನಿಮ್ಮ ಮುಖವನ್ನೇ ನೋಡುತ್ತಾ ದಣಿಯುವವರಾದರೆ ಅದನ್ನು ಮರೆಮಾಡುವ ಆಯ್ಕೆ ಉಂಟು, ಬಳಸಿ. ದಿನವಿಡೀ ತನ್ನನ್ನೇ ನೋಡಿಕೊಳ್ಳುವುದು ವಿಡಿಯೊ ಮೀಟಿಂಗಿನ ಆಯಾಸಕ್ಕೆ ಒಂದು ಕಾರಣ ಎಂದು ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಜೆರೆಮಿ ಬೈಲೆನ್ಸನ್ 2021ರಲ್ಲೇ ಬರೆದಿದ್ದಾರೆ.

3. ಕರೆಂಟ್ ಹೋಗುತ್ತದೆ ಎಂದೇ ತಿಳಿಯಿರಿ

ಗಾಳಿಗೆ ತೆಂಗಿನ ಗರಿ ತಂತಿಯ ಮೇಲೆ ಬಿದ್ದರೆ ಯಾರೂ ಏನೂ ಮಾಡುವಂತಿಲ್ಲ. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದೆ, ವೈಫೈ ರೂಟರಿಗೆ ಇಲ್ಲ. ರೂಟರಿಗೆಂದೇ ಸಿಗುವ ಸಣ್ಣ ಯುಪಿಎಸ್ ಹಾಕಿಸಿ, ಇಲ್ಲವೇ ಮೊಬೈಲಿನ ಹಾಟ್‌ಸ್ಪಾಟ್ ಮೊದಲೇ ಜೋಡಿಸಿ ನೋಡಿಟ್ಟುಕೊಳ್ಳಿ. ನೆಟ್ ನಿಧಾನವಾದರೆ ಕ್ಯಾಮೆರಾ ಆಫ್ ಮಾಡಿ. ಝೂಮ್ ಹೇಳುವ ಪ್ರಕಾರ ದನಿಗಷ್ಟೇ ಸೆಕೆಂಡಿಗೆ 60ರಿಂದ 80 ಕಿಲೋಬಿಟ್ ಸಾಕು. ಇಬ್ಬರ ನಡುವಿನ ಸ್ಪಷ್ಟ ವಿಡಿಯೊಗೆ 1.2 ಮೆಗಾಬಿಟ್ ಬೇಕು. ಶುರುವಿನಲ್ಲೇ ಒಂದು ಮಾತು ಹೇಳಿಡಿ: 'ಇಲ್ಲಿ ಜೋರು ಮಳೆ ಸರ್, ನನ್ನ ಲೈನ್ ಕಟ್ಟಾದರೆ ಎರಡು ನಿಮಿಷದಲ್ಲಿ ಫೋನಿನಿಂದ ಬರುತ್ತೇನೆ.'

4. ಒಂದು ಉಸಿರಿನಷ್ಟು ಕಾಯಿರಿ

ಮೀಟಿಂಗ್ ಕೆಡುವುದು ಹೆಚ್ಚಾಗಿ ಇಲ್ಲಿ. 10 ಭಾಷೆಗಳನ್ನು ಹೋಲಿಸಿ 2009ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಎದುರೆದುರು ಮಾತಾಡುವಾಗ ಪ್ರಶ್ನೆಗೂ ಉತ್ತರಕ್ಕೂ ನಡುವಿನ ಬಿಡುವು ಸರಾಸರಿ ಸುಮಾರು 200 ಮಿಲಿಸೆಕೆಂಡ್, ಅಂದರೆ ಸೆಕೆಂಡಿನ ಐದನೇ ಒಂದು ಭಾಗ. ನೆಟ್ ಮೂಲಕ ಮಾತು ತಲುಪಲು ಹಲವು ಸಲ ಅಷ್ಟೇ ಹೊತ್ತು ಹಿಡಿಯುತ್ತದೆ. ಅವರು ಸುಮ್ಮನಾದರು ಎಂದು ನೀವು ಬಾಯಿ ತೆರೆಯುವಷ್ಟರಲ್ಲಿ ಅವರು ಮುಂದಿನ ವಾಕ್ಯ ಶುರು ಮಾಡಿ ಆಗಿರುತ್ತದೆ. ಇಬ್ಬರೂ ನಿಲ್ಲಿಸುತ್ತಾರೆ, 'ನೀವು ಹೇಳಿ' 'ಇಲ್ಲ, ನೀವು ಹೇಳಿ' ಆಗುತ್ತದೆ, ಹೇಳಬೇಕಾದ್ದು ಮರೆತೇ ಹೋಗುತ್ತದೆ. ಇದರಲ್ಲಿ ಯಾರ ಅವಸರವೂ ಇಲ್ಲ, ಯಾರ ಒರಟುತನವೂ ಇಲ್ಲ. ಹಾಗೆಂದು ತಪ್ಪು ತಿಳಿದು ಮನಸ್ಸು ಕೆಡಿಸಿಕೊಂಡವರನ್ನು ಕಂಡಿದ್ದೇನೆ.

ಆದ್ದರಿಂದ ಎದುರಿನವರ ಮಾತು ನಿಂತ ಮೇಲೆ ಒಂದು ಉಸಿರು ಎಳೆದು ಬಿಟ್ಟು ಶುರು ಮಾಡಿ. ನಿಮ್ಮ ಸರದಿ ಮುಗಿದಾಗ ಮುಗಿಯಿತೆಂದು ಗೊತ್ತಾಗಲಿ: 'ನನ್ನದು ಇಷ್ಟು. ಈಗ ಮಣಿಪಾಲದವರು ಹೇಳಿ.' ನಾಲ್ಕಕ್ಕಿಂತ ಹೆಚ್ಚು ಜನ ಇದ್ದರೆ 'ಯಾರಿಗಾದರೂ ಪ್ರಶ್ನೆ ಉಂಟಾ?' ಎಂದು ಕೇಳಬೇಡಿ, ಎಲ್ಲರೂ ಇನ್ನೊಬ್ಬರಿಗಾಗಿ ಕಾಯುತ್ತಾರೆ. ಹೆಸರು ಹಿಡಿದು ಕೇಳಿ. ಉತ್ತರ ಹೇಳುವಾಗ ತೀರ್ಮಾನ ಮೊದಲು, ಕಾರಣ ಆಮೇಲೆ. ಲೈನ್ ನಡುವೆ ಕಟ್ಟಾದರೂ ಮುಖ್ಯವಾದದ್ದು ತಲುಪಿರುತ್ತದೆ.

5. ತುಳು ಯಾವಾಗ, ಗಡಿಯಾರ ಯಾರದ್ದು

ಎಲ್ಲರೂ ಸೇರುವ ಮುಂಚೆ ತುಳುವಿನಲ್ಲೋ ಕೊಂಕಣಿಯಲ್ಲೋ ಬ್ಯಾರಿಯಲ್ಲೋ ಮಾತಾಡುವುದು ಚಂದವೇ. ಆದರೆ ಆ ಭಾಷೆ ಬಾರದ ಒಬ್ಬರು ಬಂದ ಕೂಡಲೇ ಎಲ್ಲರಿಗೂ ಬರುವ ಭಾಷೆಗೆ ಹೊರಳಿ. ಗೊತ್ತಿಲ್ಲದ ಭಾಷೆಯ ನಗು ಕೇಳಿದವರಿಗೆ ತಮ್ಮ ಬಗ್ಗೆಯೇ ಏನೋ ಹೇಳಿದರು ಅನ್ನಿಸುತ್ತದೆ.

ಗಲ್ಫ್‌ನವರ ಜತೆ ಮೀಟಿಂಗ್ ಇದ್ದರೆ ಎರಡೂ ಕಡೆಯ ಸಮಯ ಬರೆಯಿರಿ. ದುಬೈ, ಮಸ್ಕತ್ ನಮಗಿಂತ ಒಂದೂವರೆ ಗಂಟೆ ಹಿಂದೆ. ಕುವೈತ್, ದೋಹಾ, ರಿಯಾದ್ ಎರಡೂವರೆ ಗಂಟೆ. ಇಲ್ಲಿ ಬೆಳಿಗ್ಗೆ 9 ಅಂದರೆ ಕುವೈತ್‌ನವರು ಆರೂವರೆಗೇ ಎದ್ದು ಕೂರಬೇಕು.

6. ಮುಗಿದ ಹತ್ತು ನಿಮಿಷದಲ್ಲಿ ಬರೆಯಿರಿ

ಮಾತಾಡಿದ್ದರಲ್ಲಿ ಒಂದಿಷ್ಟು ಯಾರಿಗೋ ಕೇಳಿಸಿಯೇ ಇರುವುದಿಲ್ಲ. ಹಾಗಾಗಿ ವಾಟ್ಸ್ಯಾಪ್ ಗುಂಪಿಗೆ ನೀವೇ ಎರಡು ಸಾಲು ಹಾಕಿ, ಇನ್ನೊಬ್ಬರು ಹಾಕಲಿ ಎಂದು ಕಾಯಬೇಡಿ: 'ಕೊಟೇಶನ್ ಶುಕ್ರವಾರ ಸಂಜೆ 5ರೊಳಗೆ ನಾನು ಕಳಿಸುವುದು. ದರಕ್ಕೆ ಒಪ್ಪಿಗೆ ದುಬೈ ಆಫೀಸಿನಿಂದ ಸೋಮವಾರ. ನನಗೆ ಕೇಳಿಸಿದ್ದರಲ್ಲಿ ತಪ್ಪಿದ್ದರೆ ಈಗಲೇ ತಿದ್ದಿ.'